ಮೊಖ ಕಾಯ್ದ ಹತ್ತು ದಿನ

ಕೆಲವರು ಜ್ವರ ಬಂದರೆ ಮಾತ್ರೆ ನುಂಗಿ, ಮಲಗಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಾರೆ. ಕಥೆ ಮುಗೀತು. ನನಗೆ ಒಂದು ಸೊಳ್ಳೆ ಕಚ್ಚಿದರೂ ಅದರೊಳಗೆ ನಾಲ್ಕು ಜನ ಸೇರಿಕೊಂಡು ನಾಟಕ ಆಗಿಬಿಡುತ್ತೆ. ಅಂಥದ್ದರಲ್ಲಿ ಮೊಖಾನೇ ರಿಪೇರಿಗೆ ಬಿಟ್ಟರೆ ಕೇಳಬೇಕಾ?

ಎಸ್ಸೆಸ್ಸೆಲ್ಸಿ ಟೈಮಿನಲ್ಲಿ ನನ್ನ ಕೆನ್ನೆ ತುಂಬ ಮೊಡವೆ ಎದ್ದವು. ಪುಸ್ತಕ ಮುಂದಿಟ್ಟುಕೊಂಡು ಮೊಡವೆ ಚಿವುಟುತ್ತಾ ಕೂತೆ. ರಿಸಲ್ಟು ಬಂದಾಗ ಎರಡು ಸಬ್ಜೆಕ್ಟು ಹೋಗಿದ್ದವು, ಕೆನ್ನೆಯ ಗುಂಡಿಗಳು ಮಾತ್ರ ಫಸ್ಟ್ ಕ್ಲಾಸು. ಗೆಳೆಯರು 'ಪಡ್ಡಿನ ಹಂಚು' ಅಂತ ಹೆಸರಿಟ್ಟರು. ಅವರು ಕರೆಯೋಕೆ ಮುಂಚೆ ನಾನೇ, "ಹಂಚು ಬಂತು, ಹಿಟ್ಟು ತನ್ರಲಾ" ಅಂತ ಕೂಗ್ತಾ ಹೋಗ್ತಿದ್ದೆ. ಎಲ್ಲಾ ನಗೋರು. ಆದರೆ ಫೋಟೋ ತೆಗೆಯೋವಾಗ ನಾನು ಯಾವಾಗಲೂ ಹಿಂದಿನ ಸಾಲು, ಅದೂ ಯಾರದಾದರೂ ಕಿವಿ ಮರೆಯಲ್ಲಿ. ಇದನ್ನ ಗಮನಿಸಿದವಳು ಮೈಸೂರಿಗೆ ಮದುವೆಯಾಗಿ ಹೋದ ನಮ್ಮಕ್ಕ ಒಬ್ಬಳೇ. ಒಂದು ದಿನ ಫೋನ್ ಮಾಡಿ "ಹೊರಟು ಬಾ" ಅಂದಳು. ಚರ್ಮದ ಡಾಕ್ಟರ ಮುಂದೆ ಕೂರಿಸಿದಳು.

ಡಾಕ್ಟರಮ್ಮ ಕಡ್ಡಿ ಮುರಿದ ಹಾಗೆ ಹೇಳಿದರು: "ಲೇಸರ್ ಹೊಡೆಯೋದು ನನ್ನ ಕೆಲಸ, ಅರ್ಧ ಗಂಟೆ. ಆಮೇಲಿನ ಹತ್ತು ದಿನ ನಿನ್ನ ಕೆಲಸ. ಬಿಸಿಲಿಗೆ ಹೋಗಬೇಡ, ಬೆಂಕಿ ಮುಂದೆ ನಿಲ್ಲಬೇಡ, ಕೆರೆಯಬೇಡ. ಅರಿಶಿನ, ನಿಂಬೆಹಣ್ಣು ಅಂತ ಏನೂ ಹಚ್ಚಬೇಡ. ಕೆಡಿಸಿಕೊಂಡರೆ ಗುಂಡಿ ಜೊತೆಗೆ ಕಪ್ಪೂ ಬೀಳುತ್ತೆ. ಇನ್ನೂ ಎರಡು ಸಲ ಮಾಡೋದಿದೆ. ಕಪ್ಪು ಬಿತ್ತು ಅಂದರೆ ನಾನು ಮುಂದಕ್ಕೆ ಮುಟ್ಟಲ್ಲ."

ಹುಟ್ಟಿದಾಗಿಂದ ಮೊದಲನೇ ಸಲ, ಒಬ್ಬರು ಹೇಳಿದ ಮಾತನ್ನ ಕೇಳಬೇಕು ಅಂತ ನನಗೇ ಮನಸ್ಸಿಗೆ ಬಂತು. ನಾನು ರೆಡಿ. ಊರೂ ರೆಡಿ ಇರಬೇಕಲ್ಲ.

ಬಸ್ಸಿನಲ್ಲಿ ಎರಡು ಸುಳ್ಳು

ಲೇಸರ್ ಹೊಡೆಸಿಕೊಂಡು ವಾಪಸ್ ಬರೋಕೆ ಬಸ್ಸು ಹತ್ತಿದಾಗ ನನ್ನ ಮೊಖ ಟೊಮೆಟೊ ಹಣ್ಣು. ಅದರ ಮೇಲೆ ಸಾಲು ಸಾಲಾಗಿ ಚುಕ್ಕಿ, ರಂಗೋಲಿಗೆ ಇಟ್ಟ ಹಾಗೆ. ಗೆರೆ ಎಳೆಯೋದೊಂದು ಬಾಕಿ.

ಬಿಳಿಕೆರೆಯಲ್ಲಿ ಒಬ್ಬ ಅಜ್ಜ ಹತ್ತಿ ಪಕ್ಕದಲ್ಲಿ ಕೂತ. "ಏನಪ್ಪ ಮೊಖಕ್ಕೆ?"

ಲೇಸರ್ ಅಂದರೆ ಹುಣಸೂರು ತನಕ ವಿವರಿಸಬೇಕು. "ಜೇನು ಕಚ್ತು ಕಣಜ್ಜ" ಅಂದೆ. ಅಜ್ಜ ಲೊಚಗುಟ್ಟಿ ಕಣ್ಣು ಮುಚ್ಚಿದ.

ಹಿಂದಿನ ಸೀಟಿನ ಹೆಂಗಸು ಮುಂದಕ್ಕೆ ಬಗ್ಗಿದಳು. "ಅಯ್ಯೋ, ಯಾಕ್ಮಗಾ ಮೊಖ ಇಂಗಾಗದೆ?"

ಒಂದೇ ಸುಳ್ಳನ್ನ ಎರಡು ಸಲ ಹೇಳೋದು ನನಗೆ ಬೇಜಾರು. "ಉರಿ ತಗುಲ್ತು ಕಣಕ್ಕ" ಅಂದೆ.

ಹುಣಸೂರು ಹತ್ತಿರ ಬಂದಾಗ ಅಜ್ಜ ಎದ್ದು ಕೂತು ಆ ಹೆಂಗಸಿಗೆ, "ಪಾಪ, ಹುಡ್ಗನ್ನ ಜೇನು ಹೆಂಗೆ ಕಡಿದದೆ ನೋಡವ್ವ" ಅಂದ. "ಜೇನಲ್ಲ ಕಣಣ್ಣ, ಉರಿ" ಅಂದಳು ಅವಳು. "ಜೇನು." "ಉರಿ." ಇಬ್ಬರೂ ತಿರುಗಿ ನನ್ನ ನೋಡಿದರು. ಸಿಕ್ಕಿಹಾಕಿಕೊಂಡೆ ಅಂತ ಬೆವರು ಬರೋ ಹಾಗಾಯ್ತು. ಅದರ ಮೇಲೆ, ಬೆವರಬಾರದು ಅಂತ ಡಾಕ್ಟರಮ್ಮ ಹೇಳಿದ್ದರು.

ಅಜ್ಜ ಸ್ವಲ್ಪ ಯೋಚನೆ ಮಾಡಿ ತಾನೇ ತೀರ್ಮಾನ ಕೊಟ್ಟ: "ಇನ್ನೇನವ್ವ, ಜೇನು ಬಿಡ್ಸಕ್ಕೆ ಬೆಂಕಿ ಹಚ್ಚವ್ನೆ. ಜೇನೂ ಕಚ್ಚದೆ, ಉರಿನೂ ತಗುಲದೆ."

ಹೆಂಗಸಿಗೆ ಕರುಳು ಚುರುಕ್ ಅಂತು. "ಹೋಗ್ಲಿ, ತುಪ್ಪನಾದ್ರೂ ಸಿಕ್ತಾ ಮಗಾ?"

"ಅರ್ಧ ಲೀಟ್ರು ಸಿಕ್ತು ಕಣಕ್ಕ" ಅಂದು ಇಳಿದೆ.

ಮೋಡದೊಳಗಿನ ಬಿಸಿಲು

ನಮ್ಮೂರು ಗಾವಡಗೆರೆ ಹತ್ತಿರ. ನಮ್ಮದು ಹೊಗೆಸೊಪ್ಪಿನ ಮನೆ. ಆಗ ಸೊಪ್ಪು ಮುರಿಯೋ ಕಾಲ. ಹೊಲದಿಂದ ಸೊಪ್ಪು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ ಅಂತ ಕರೆಯೋ ಎತ್ತರದ ಮನೆಯೊಳಗೆ ತುಂಬಿ, ಕೆಳಗೆ ಬೆಂಕಿ ಹಾಕಿ ಬೇಯಿಸಬೇಕು. ಅಂಥ ಹೊತ್ತಿನಲ್ಲಿ ನಾನು ಬಂದು, "ಬಿಸಿಲಿಗೆ ಹೋಗಂಗಿಲ್ಲ, ಬೆಂಕಿ ಮುಂದೆ ನಿಲ್ಲಂಗಿಲ್ಲ" ಅಂದರೆ ಅಪ್ಪನಿಗೆ ಹೇಗಾಗಬೇಡ?

ಮಾರನೇ ದಿನ ಬೆಳಿಗ್ಗೆ ಜಗಲಿ ಮೇಲೆ ಕೂತು ಮೊಖಕ್ಕೆ 'ಎಸ್‌ಪಿಎಫ್ ಐವತ್ತು' ಅಂತ ಬರೆದಿದ್ದ ಬಿಸಿಲಿನ ಕ್ರೀಮು ಬಳಿದುಕೊಳ್ತಾ ಇದ್ದೆ. ಆಕಾಶದ ತುಂಬ ಮೋಡ, ಸಣ್ಣಗೆ ಸೋನೆ.

"ಏನ್ಲಾ ಅದು, ಸುಣ್ಣ ಬಳ್ಕತಾ ಇದ್ದೀಯೆ?" ಅಂದ ಅಪ್ಪ.

"ಬಿಸಿಲು ತಡೆಯೋ ಕ್ರೀಮು ಕಣಪ್ಪ."

ಅಪ್ಪ ಅಂಗಳಕ್ಕಿಳಿದು ನಾಲ್ಕೂ ದಿಕ್ಕು ನೋಡಿದ. "ಎಲ್ಲದ್ಲಾ ಬಿಸಿಲು?"

"ಮೋಡದೊಳಗದೆ. ಮೋಡ ಇದ್ರೂ ಹಚ್ಚಬೇಕು ಅಂದವ್ರೆ."

"ಓಹೋ." ಅಪ್ಪ ಒಳಕ್ಕೆ ತಿರುಗಿ ಕೂಗಿದ: "ಇವಳೇ, ಸಂಡಿಗೆ ಹಿಟ್ಟು ಕಲ್ಸು. ನಿನ್ ಮಗ ಬಿಸ್ಲು ಹುಡ್ಕವ್ನೆ."

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಪ್ಪ ಅಕ್ಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಎಷ್ಟು ದಿನ ಅಂದವ್ರೆ ಮಗಾ?"

"ಹತ್ತು ದಿನ ಅಪ್ಪ" ಅಂತು ಫೋನು.

ನಾನು ಮನೆಯಲ್ಲಿ ಇಪ್ಪತ್ತು ಅಂತ ಹೇಳಿದ್ದೆ.

ಅಪ್ಪ ಫೋನನ್ನ ಜೇಬಿಗಿಟ್ಟುಕೊಂಡು, "ಮೊದಲ್ನೇ ಹತ್ತು ದಿನ ಡಾಕ್ಟ್ರು ಹೇಳ್ದಂಗೆ ಕೇಳು. ಆಮೇಲ್ನ ಹತ್ತಕ್ಕೆ ನಾನು ಡಾಕ್ಟ್ರು" ಅಂದು ಹೊಲಕ್ಕೆ ಹೋದ.

ಅಜ್ಜಿಯ ಹಿಮ್ಮಡಿ

ಡಾಕ್ಟರು ಎರಡು ಟ್ಯೂಬು ಕೊಟ್ಟಿದ್ದರು. ಒಂದು ಬಿಸಿಲಿಗೆ, ಇನ್ನೊಂದು ಚರ್ಮ ಒಣಗದ ಹಾಗೆ ದಪ್ಪಗೆ ಹಚ್ಚೋಕೆ. ಆ ಎರಡನೇದು ಎರಡೇ ದಿನಕ್ಕೆ ಅರ್ಧ ಖಾಲಿ. ನನ್ನ ಮೊಖ ದೊಡ್ಡದೇ, ಆದರೂ ಇಷ್ಟು ದೊಡ್ಡದಲ್ಲ.

ಸಂಜೆ ಅಜ್ಜಿ ಕಾಲು ಚಾಚಿ ಕೂತಿದ್ದಳು. ಅವಳ ಹಿಮ್ಮಡಿ ಬೇಸಿಗೆಯ ಕೆರೆ ಅಂಗಳ ಇದ್ದ ಹಾಗೆ, ಬಿರುಕೋ ಬಿರುಕು. ಅವತ್ತು ನೋಡಿದರೆ ದೀಪದ ಬೆಳಕಿಗೆ ಮಿರಮಿರ ಅಂತಿದೆ.

"ಅಜ್ಜಿ, ಅದು ನನ್ನ ಮೊಖಕ್ಕೆ ಕೊಟ್ಟಿದ್ದು!"

ಅಜ್ಜಿ ಒಂದು ಚೂರೂ ಅಲ್ಲಾಡಲಿಲ್ಲ. "ನಿನ್ ಮೊಖ ನೋಡೋರು ಯಾರ್ಲಾ? ನನ್ ಕಾಲ್ಗಾದ್ರೆ ಹಬ್ಬ ಹಬ್ಬಕ್ಕೂ ಊರೋರೆಲ್ಲ ಬಂದು ಬೀಳ್ತಾರೆ."

ಬೇವಿನ ಸೊಪ್ಪು

ಮೂರನೇ ದಿನಕ್ಕೆ ಚುಕ್ಕಿಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಹಕ್ಕಳೆ ಕಟ್ಟಿದವು. ಸುದ್ದಿ ಹಬ್ಬಿತು, ಜನ ಬಂದರು. ಒಬ್ಬರ ಕೈಲಿ ನಿಂಬೆಹಣ್ಣು, ಒಬ್ಬರ ಕೈಲಿ ಹಲ್ಲುಜ್ಜೋ ಪೇಸ್ಟು, ಒಬ್ಬರು ಚೊಂಬಿನಲ್ಲಿ ಹಸುವಿನ ಗಂಜಲವನ್ನೇ ತಂದಿದ್ದರು. ತರದೇ ಬಂದವರು ಬೆರಳು ತಂದಿದ್ದರು. "ಒಸಿ ಮುಟ್ಟಿ ನೋಡ್ತೀನಿ ಇರು." ನಾನು ಒಳಕೋಣೆ ಸೇರಿ ಚಿಲಕ ಹಾಕಿಕೊಂಡೆ.

ಆಗ ಕಿಟಕಿಯಲ್ಲಿ ಎದುರುಮನೆ ದೊಡ್ಡವ್ವನ ತಲೆ ಕಂಡಿತು. ಕೇರಿಯಲ್ಲಿ ಯಾರಿಗೆ ಮೈಮೇಲೆ ಗುಳ್ಳೆ ಎದ್ದರೂ ಮುಂದೆ ನಿಂತು ನೋಡಿಕೊಳ್ಳೋಳು ಅವಳೇ. ನಮ್ಮ ಕಡೆ ಹಾಗೆ ಗುಳ್ಳೆ ಎದ್ದರೆ ಕಾಯಿಲೆ ಅನ್ನಲ್ಲ. ಮಾರಮ್ಮ ಮೈಗೆ ಬಂದವ್ಳೆ ಅಂತ ಕೈ ಮುಗೀತಾರೆ. ದೊಡ್ಡವ್ವ ಕಣ್ಣು ಕಿರಿದು ಮಾಡಿ ನನ್ನ ಕೆನ್ನೆ ನೋಡಿದಳು. ಕಿಟಕಿ ಸರಳು ಹಿಡಿದುಕೊಂಡೇ ಕೂಗಿದಳು: "ಅಯ್ಯೋ ತಾಯಿ! ಅಮ್ಮ ಬಂದವ್ಳೆ ಕಣ್ರವ್ವ!"

'ಲೇಸರ್ ಕಣ್ ದೊಡ್ಡವ್ವ' ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನಿಂಬೆಹಣ್ಣು, ಪೇಸ್ಟು, ಚೊಂಬು ಎಲ್ಲಾ ಅಂಗಳ ದಾಟಿ ಓಡಿದ್ದವು. ಅಮ್ಮ ಬಂದ ಮನೆಗೆ ಸುಮ್ಮಸುಮ್ಮನೆ ಯಾರೂ ಬರಲ್ಲ. ಮುಟ್ಟಲ್ಲ. ಇದಕ್ಕಿಂತ ಒಳ್ಳೆ ವ್ಯವಸ್ಥೆಯನ್ನ ಆ ಡಾಕ್ಟರಮ್ಮನೂ ಮಾಡಿಕೊಡೋಕೆ ಆಗಲ್ಲ. ತೆಗೆದ ಬಾಯನ್ನ ಹಾಗೇ ಮುಚ್ಚಿದೆ. ಹಿತ್ತಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು, ಅಮ್ಮ ಬಂದ ಗುರುತಿಗೆ ಬಾಗಿಲಿಗೆ ನಾನೇ ಸಿಕ್ಕಿಸಿದೆ.

ಅವ್ವ ನೋಡಿಬಿಟ್ಟಳು. "ಆ ತಾಯಿ ಹೆಸ್ರಲ್ಲಿ ಸುಳ್ಳು ಹೇಳ್ಬ್ಯಾಡ ಕಣ್ಲಾ."

"ನಾನೆಲ್ಲಿ ಹೇಳ್ದೆ? ದೊಡ್ಡವ್ವ ಹೇಳಿದ್ದು."

ಅಜ್ಜಿ ಮಾತ್ರ ದೊಡ್ಡವ್ವನ ಕಡೆ. ಲೇಸರ್ ಹೊಡೆಸಿದ್ದಕ್ಕೇ ತಾಯಿ ಮುನಿದು ಬಂದವ್ಳೆ ಅಂತ ಅವಳ ವಾದ. ಮನೆಯಲ್ಲಿ ಆವತ್ತಿಂದ ಹೊಸ ಕಾನೂನು. ನನ್ನನ್ನ ಬೈಯೋ ಹಾಗಿಲ್ಲ, ಏಕವಚನ ಇಲ್ಲ. ಅಪ್ಪ ಸೊಪ್ಪು ತುಂಬಿ ಸುಸ್ತಾಗಿ ಬಂದ, ನಾನು ಮಲಗಿಕೊಂಡು ಫೋನ್ ನೋಡ್ತಿದ್ದೆ. ಅಪ್ಪ ಬಾಯಿ ತೆಗೆದ. ಅಜ್ಜಿ ಮೂಲೆಯಿಂದ, "ಒಳಗೆ ತಾಯಿ ಅವ್ಳೆ, ನೋಡ್ಕೊಂಡು ಮಾತಾಡು" ಅಂದಳು. ಅಪ್ಪ ಹಲ್ಲು ಕಚ್ಚಿಕೊಂಡು, "ಒಸಿ ಆ ಫೋನ್ ಪಕ್ಕಕ್ಕೆ ಇಕ್ತೀರಾ?" ಅಂದ. ನನ್ನ ಜನ್ಮ ಸಾರ್ಥಕ ಆಯ್ತು.

ಆದರೆ ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕಬಾರದು, ಬಾಡು ಬೇಯಿಸಬಾರದು. ಭಾನುವಾರ ಕೋಳಿ ಕುಯ್ಯಬೇಕು ಅಂತಿದ್ದ ಅಪ್ಪ ಮೊಸರನ್ನ ಕಲಸುತ್ತಾ ನನ್ನನ್ನೇ ನೋಡ್ತಿದ್ದ. ಕೋಳಿ ಹಿತ್ತಲಲ್ಲಿ ಕೊಕ್ಕೋ ಅಂತಿತ್ತು. ಮನೆಯಲ್ಲಿ ನೆಮ್ಮದಿಯಾಗಿದ್ದದ್ದು ಅದೊಂದೇ.

ತಾಯಿಯ ಅಪ್ಪಣೆ

ಐದನೇ ದಿನ ಮಂಗಳವಾರ. ಬೆಳಿಗ್ಗೆ ಅಂಗಳದಲ್ಲಿ ಏನೋ ಸದ್ದು ಅಂತ ಎದ್ದು ಬಂದರೆ ದೊಡ್ಡವ್ವ, ಅವಳ ಹಿಂದೆ ನಾಲ್ಕು ಜನ ಹೆಂಗಸರು. ಹಂಡೆಯಲ್ಲಿ ಬಿಸಿ ನೀರು. ಒರಳುಕಲ್ಲಿನಲ್ಲಿ ಬೇವು, ಅರಿಶಿನ ಸೇರಿಸಿ ರುಬ್ಬಿದ ಒಂದು ದೊಡ್ಡ ಉಂಡೆ.

ಅಮ್ಮ ಬಂದವರಿಗೆ ನೀರು ಹಾಕೋ ಶಾಸ್ತ್ರ ಒಂದಿದೆ ಅನ್ನೋದನ್ನೇ ನಾನು ಮರೆತುಬಿಟ್ಟಿದ್ದೆ.

"ಚೆನ್ನಾಗಿ ತಿಕ್ಕುಬುಟ್ರೆ ಹಕ್ಕಳೆ ಎಲ್ಲಾ ಉದುರೋಯ್ತವೆ" ಅಂದಳು ದೊಡ್ಡವ್ವ, ಸೀರೆ ಸೆರಗು ಸಿಕ್ಕಿಸಿಕೊಳ್ತಾ.

ನಾನು ಅವ್ವನ ಕಿವಿಯಲ್ಲಿ, "ನಿಜ ಹೇಳ್ಬುಡವ್ವ" ಅಂದೆ.

"ಈಗ ಹೇಳಿದ್ರೆ ನಾಳೆಯಿಂದ ಬಾವಿಕಟ್ಟೆ ತಾವು ನಾನು ತಲೆ ಎತ್ತಂಗಿಲ್ಲ. ಬೇವು ಸಿಕ್ಸಿದ್ದು ಯಾರು? ನೀನು. ಅನುಭವಿಸು."

ಮಣೆ ಮೇಲೆ ಕೂರಿಸಿದರು. ದೊಡ್ಡವ್ವನ ಅಂಗೈ ತುಂಬ ಹಳದಿ. ಆ ಕೈ ನನ್ನ ಕೆನ್ನೆ ಕಡೆ ಬರ್ತಿದೆ. ರಾಗಿ ಬೀಸಿ, ಕಳೆ ಕಿತ್ತು ಕಲ್ಲಾದ ಕೈ ಅದು. ಒಂದು ಸಲ ತಿಕ್ಕಿದರೆ ಹಕ್ಕಳೆ ಏನು, ಮೂಗೇ ಉಳಿಯೋದು ಅನುಮಾನ. ಕಪ್ಪು ಬಿದ್ದರೆ ಮುಂದಕ್ಕೆ ಮುಟ್ಟಲ್ಲ ಅಂದ ಡಾಕ್ಟರು ಕಣ್ಣ ಮುಂದೆ ಬಂದರು. ಹಿಂದಿನ ಸಾಲು ಬಂತು. ಯಾರದೋ ಕಿವಿ ಬಂತು. ಕೈಗೂ ಕೆನ್ನೆಗೂ ನಾಲ್ಕು ಬೆರಳು ಅಂತರ ಇದ್ದಾಗ ನನ್ನ ಮೈ ತಾನೇ ನಡುಗೋಕೆ ಶುರುವಾಯ್ತು. ಭಯಕ್ಕೆ ನಡುಗಿದ್ದು. ಹೇಗೂ ನಡುಗಿದ್ದಾಯ್ತು ಅಂತ, ತಾಯಿ ಮೈಮೇಲೆ ಬಂದವರ ಹಾಗೆ ಮುಂದುವರಿಸಿದೆ.

"ಮುಟ್ಟಬ್ಯಾಡಾ!"

ಹೆಂಗಸರು ಹೌಹಾರಿ ಹಿಂದಕ್ಕೆ ಸರಿದರು. ಒಬ್ಬಳು ಕೈ ಮುಗಿದಳು, ಒಬ್ಬಳು ಕರ್ಪೂರಕ್ಕೆ ಓಡಿದಳು. ದೊಡ್ಡವ್ವ ಅಲ್ಲೇ ನಿಂತು, "ಏನ್ ತಪ್ಪಾಯ್ತು ತಾಯಿ?" ಅಂದಳು.

"ಅರಿಶ್ನ ಬ್ಯಾಡಾ! ಬೇವು ಬ್ಯಾಡಾ! ತಿಕ್ಕಬ್ಯಾಡಿ!"

"ಮತ್ತೇನ್ ಹಚ್ಚಾನ ತಾಯಿ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ತಲೆಯಲ್ಲಿ ಇದ್ದದ್ದು ಡಾಕ್ಟರು ಹೇಳಿದ್ದು ಮಾತ್ರ, ಅದೇ ಬಾಯಿಗೆ ಬಂತು. "ತಣ್ಣೀರಲ್ಲಿ ತೊಳೀರಿ! ಮೆತ್ತಗೆ ಒತ್ತಿ ಒರಸಿ! ಮೂರ್ ಗಂಟೆಗೊಂದ್ಸಲ ಬಿಳೀ ಕ್ರೀಮು! ಎಸ್‌ಪಿಎಫ್ ಐವತ್ತು!"

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು.

"ಎಷ್ಟು ದಿನ ತಾಯಿ?"

"ಇನ್ನೈದು ದಿನಾ!"

ಇದೇ ಸಮಯ ಅಂತ ಅಜ್ಜಿ ಮುಂದೆ ಬಂದಳು. "ತಾಯಿ, ಆ ಇನ್ನೊಂದು ಟ್ಯೂಬು ಕಾಲಿಗೆ ಹಚ್ಚಬೋದಾ?"

"ಬ್ಯಾಡಾ!" ಅವತ್ತು ಪೂರ್ತಿ ನಿಜವಾದ ಕೋಪದಿಂದ ಹೇಳಿದ ಮಾತು ಅದೊಂದೇ.

ಬಾಗಿಲಲ್ಲಿ ಅಪ್ಪ ನಿಂತಿದ್ದ, ಮೈಯೆಲ್ಲಾ ಬ್ಯಾರನ್ ಮಸಿ. ಕೈ ಮುಗಿದು ಬಹಳ ವಿನಯದಿಂದ ಕೇಳಿದ: "ತಾಯಿ, ಕೋಳಿ?"

ನನ್ನ ಬಾಯಲ್ಲೂ ನೀರೂರಿತು. ಸ್ವಲ್ಪ ತೂಗಾಡಿ, "ತಿನ್ನಬೋದು" ಅಂದೆ. "ಒಗ್ಗರಣೆನೂ ಹಾಕಿ!" ಅಂತ ಸೇರಿಸಿ ಮಣೆ ಮೇಲೆ ಬಿದ್ದುಕೊಂಡೆ.

ಆಮೇಲಿನ ಐದು ದಿನ ನನ್ನ ಮೊಖಕ್ಕೆ ಸಿಕ್ಕ ಮರ್ಯಾದೆ ಯಾವ ಮದುಮಗನಿಗೂ ಸಿಕ್ಕಿರಲಿಕ್ಕಿಲ್ಲ. ಮೂರು ಗಂಟೆಗೊಂದು ಸಲ ದೊಡ್ಡವ್ವ ಎದುರುಮನೆಯಿಂದ, "ಹಚ್ಕಂಡ್ಯೇನ್ಲಾ?" ಅಂತ ಕೂಗೋಳು. ಬಾಗಿಲ ಬಿಸಿಲಿಗೆ ಕಾಲಿಟ್ಟರೆ ಕಡ್ಡಿ ತಗೊಂಡು ಬರೋಳು. ನನಗೋ ಒಳಗೊಳಗೇ ಅಳುಕು. ಯಾರೂ ಇಲ್ಲದ ಹೊತ್ತು ನೋಡಿ, ತಲೆಗೆ ಟವೆಲ್ ಹೊದ್ದು ಮಾರಮ್ಮನ ಗುಡಿಗೆ ಹೋಗಿ, "ತಪ್ಪಾಯ್ತು ತಾಯಿ, ಬೇರೆ ದಾರಿ ಇರ್ಲಿಲ್ಲ" ಅಂತ ಕಾಯಿ ಒಡೆದೆ. ಕಾಯಿ ಸರಿಯಾಗಿ ಎರಡು ಹೋಳಾಯ್ತು. ಕ್ಷಮಿಸಿದಾಳೆ ಅಂದುಕೊಂಡೆ.

ಹಕ್ಕಳೆ ತಾವಾಗೇ ಉದುರಿದವು. ಹತ್ತನೇ ದಿನ ಅಕ್ಕನ ಜೊತೆ ಹೋಗಿ ತೋರಿಸಿದಾಗ ಡಾಕ್ಟರಮ್ಮ ದೀಪ ಹಿಡಿದು ನೋಡಿದರು. "ಒಂದು ಕಪ್ಪು ಚುಕ್ಕೆ ಇಲ್ಲ. ಇಷ್ಟು ಚೆನ್ನಾಗಿ ನೋಡಿಕೊಂಡವರು ಕಮ್ಮಿ. ಎರಡು ತಿಂಗಳು ಬಿಟ್ಟು ಬಾ." ಅಕ್ಕ ಹೊರಗೆ ಬಂದವಳೇ ಫೋನ್ ತೆಗೆದು ನನ್ನೊಬ್ಬನ ಫೋಟೋ ಹೊಡೆದಳು. ಮುಂದೆ ಯಾರ ಕಿವಿಯೂ ಇರಲಿಲ್ಲ.

ಸಂಜೆ ಊರಿಗೆ ಬಂದಾಗ ದೊಡ್ಡವ್ವ ಜಗಲಿ ಮೇಲೆ ಬೆಳ್ಳುಳ್ಳಿ ಸುಲೀತಾ ಕೂತಿದ್ದಳು. "ಬಾ ಇಲ್ಲಿ" ಅಂದಳು. ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಆ ಕೆನ್ನೆ ಈ ಕೆನ್ನೆ ನೋಡಿದಳು.

"ಗುಂಡಿ ಒಸಿ ತುಂಬವೆ ಕಣ್ಲಾ. ಚೆನ್ನಾಗಾಗದೆ."

"ಎಲ್ಲಾ ತಾಯಿ ದಯೆ ದೊಡ್ಡವ್ವ" ಅಂದೆ, ಆದಷ್ಟು ಭಕ್ತಿಯಿಂದ.

ದೊಡ್ಡವ್ವ ಗಲ್ಲ ಬಿಡಲಿಲ್ಲ. "ನೋಡ್ಲಾ, ಈ ಕೇರಿಲಿ ಎಷ್ಟೋ ಜನಕ್ಕೆ ನೀರು ಹಾಕಿವ್ನಿ. ತಾಯಿ ಮೈಮೇಲೆ ಬಂದು ಎಳ್ನೀರು ಕೇಳವ್ಳೆ, ಮೊಸ್ರನ್ನ ಕೇಳವ್ಳೆ, ಸೀರೆ ಕೇಳವ್ಳೆ. ಎಸ್‌ಪಿಎಫ್ ಐವತ್ತು ಕೇಳಿದ್ದು ಇದೇ ಮೊದ್ಲು."

"ಮತ್ತೆ... ಗೊತ್ತಿದ್ದೂ ಯಾಕೆ ಸುಮ್ನಿದ್ದೆ ದೊಡ್ಡವ್ವ?"

"ಇನ್ನೇನ್ ಮಾಡಾನ? ಮೊಖ ಮುಟ್ಟುಸ್ಕೊಳ್ಳಕ್ಕೆ ಹಂಗೆ ಹೆದ್ರಿ ನಡುಗ್ತಾ ಇದ್ದೆ. ಪಾಪ, ಹುಡ್ಗಂಗೆ ಏನೋ ಆಸೆ ಅದೆ ಅನ್ನಿಸ್ತು." ಗಲ್ಲ ಬಿಟ್ಟು ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದಳು. "ಇನ್ನೂ ಎರಡು ಸಲ ಹೋಗ್ಬೇಕಂತಲ್ಲ?"

"ಹೂಂ ದೊಡ್ಡವ್ವ."

"ಹೋಗು. ಮುಂದಿನ್ ಸಲ ತಾಯಿ ಬಂದಾಗ ಇಂಗ್ಲೀಷು ಒಸಿ ಕಮ್ಮಿ ಇರ್ಲಿ."