ಬಿಳೇ ಕೊಬ್ಬು, ಕಂದು ಕೊಬ್ಬು, ಕಳ್ಳ ಕೊಬ್ಬು

ಹೆದರಿದ ಮಂದಿ ಬಾಜೂಕ ಇದ್ರ ಸುದ್ದಿಗೆ ಬರಗಾಲ ಬರೂದಿಲ್ಲ. ಇಳಕಲ್ಲಾಗ ನಮ್ಮ ಮಗ್ಗಲ ಮನಿ ನೇಕಾರತಿ ಹೆದರಿದ ಮ್ಯಾಲ ನನಗ ದಿನಾ ಒಂದು.

ಆಕಿ ಮೈಲೆ ದಪ್ಪ. ಅವರವ್ವನ ಕಣ್ಣು ಸಕ್ಕರಿ ಬ್ಯಾನಿಲೆ ಹ್ವಾದವು. ‘ನನಗೂ ಹಂಗಾದ್ರ ಸೀರಿ ಸೆರಗಿಗೆ ಎಳಿ ಜೋಡಸಾವ್ರ ಯಾರು, ಆಯಿ?’ ಅಂತ ಈ ಮುದುಕಿನ್ನ ಕೇಳಿ ಕೇಳಿ ನಿದ್ದಿ ಬಿಟ್ಟಿದ್ದಳು. ಗಂಡ ಕಡ್ಡಿಯಂಥಾಂವ. ‘ಬಾಯಿ ಕಟ್ಟು, ಡುಮ್ಮಿ’ ಅಂತ ಓಣಿಗೆಲ್ಲಾ ಕೇಳೂಹಂಗ ಬುದ್ಧಿ ಹೇಳಾಂವ.

ಕಂದು ತಿನಸು

ದವಾಖಾನಿಗೆ ನಾನೂ ಜೋಡಿ ಹೋಗಿದ್ದೆ. ಡಾಕ್ಟರಬಾಯಿ ಹೇಳಿದ್ರು: ‘ಬಿಳೇ ಕೊಬ್ಬು ಉಂಡದ್ದನ್ನ ಕೂಡಿಡತೈತಿ. ಕಂದು ಕೊಬ್ಬು ಅದನ್ನ ಸುಟ್ಟು ಮೈ ಬೆಚ್ಚಗಿಡತೈತಿ. ಅದು ಕೂಸುಗಳಿಗೆ ಭಾಳ, ನಮಗ ಚೂರು.’

ಮುಂದಿನ ಸಲ ತೂಕ ಏರಿತ್ತು.

‘ಏನ್ ತಿಂದ್ರಿ?’

‘ಕಂದು ಹೆಚ್ಚಾಗಲಿ ಅಂತ ದಿನಾ ಬೆಲ್ಲದ ಕರದಂಟು ತಿಂದೇನ್ರಿ. ಅದಕ್ಕಿಂತ ಕಂದು ತಿನಸು ನಮ್ಮ ಕಡೆ ಯಾವದೈತ್ರಿ?’

ಬಿಳೇದು ಬಿಟ್ಟೀತೇನು? ಅಷ್ಟೂ ಬೆಲ್ಲ ಕೂಡಿಟ್ಟಿತ್ತು.

ಕುಣಿಯಾಗ ಐಸು

‘ತಂಪು ಹತ್ತಿದ್ರ ಬಿಳೇದೂ ಒಂದಿಷ್ಟು ಕಂದಾಗತೈತಿ’ ಅಂದಿದ್ರು ಡಾಕ್ಟರಬಾಯಿ. ನಮ್ಮೂರಾಗ ತಂಪೆಲ್ಲಿ ತರಬೇಕು? ಮಗ್ಗದ ಕುಣಿಯಾಗ, ಕಾಲು ಇಳಿಬಿಡೂ ಜಾಗಾದಾಗ, ಐಸಿನ ಗಡ್ಡಿ ಇಟ್ಟು ಚಾ ಕುಡಿಯಾಕ ಒಳಗ ಹ್ವಾದಳು. ಗಂಡ ಬಂದು ನೋಡಲಾರದ ಕಾಲು ಬಿಟ್ಟ.

ಅವತ್ತ ಸೀರಿ ಒಂದು ಗೇಣೂ ಮುಂದ ಹೋಗಲಿಲ್ಲ. ನೇಕಾರ ಮಾತ್ರ ಹೌಹಾರಿ ಹನಮಪ್ಪನ ಗುಡಿ ಮಟಾ ಓಡಿ ಹೋಗಿದ್ದ.

ಸುದ್ದಿ ಒಯ್ಯೂ ಕೊಬ್ಬು

‘ಹೊಟ್ಟಿ ತುಂಬೈತಿ ಅಂತ ತಲಿಗೆ ಸುದ್ದಿ ಮುಟ್ಟಸೂದೂ ಕೊಬ್ಬೇ. ಅತಿಯಾದ್ರ ತಲಿ ಅದರ ಮಾತು ಕೇಳೂದಿಲ್ಲ’ ಅಂದ್ರು ಡಾಕ್ಟರಬಾಯಿ. ಅವತ್ತ ಗಂಡನೂ ಜೋಡಿ ಬಂದಿದ್ದ.

ಗಂಡ ನನ್ನ ಕಡೆ ನೋಡಿ, ‘ಸುದ್ದಿ ಅತಿಯಾದ್ರ ಯಾರೂ ಕೇಳೂದಿಲ್ಲಂತ, ಆಯಿ’ ಅಂದ.

‘ಖರೆ. ನೀ ದಿನಾ ಬಸ್‌ಸ್ಟ್ಯಾಂಡಿನಾಗ ಮಿರ್ಚಿ ಭಜಿ ತಿನ್ನೂ ಸುದ್ದಿನೂ ನಿನ್ನ ಹೆಂಡ್ತಿ ಇನ್ನೂ ಕೇಳಿಲ್ಲ’ ಅಂದೆ.

ಈಗ ಕೇಳಿದ್ದಳು.

ಕಳ್ಳ ಕೊಬ್ಬು

ಕಡೀಕ ಬಾಗಲಕೋಟಿಗೆ ಕಳಿಸಿದ್ರು, ರಕ್ತ, ಸ್ಕ್ಯಾನಿಂಗ್ ಎಲ್ಲಾ ಆಗಲಿ ಅಂತ. ಆಕಿ ನನ್ನೂ ಎಳಕೊಂಡು ಹ್ವಾದಳು. ಗಂಡ ಎದಿ ಉಬ್ಬಿಸಿ, ‘ನಂದೂ ನೋಡ್ರಿ. ಕೊಬ್ಬಿಲ್ಲದ ಮನಿಶಾ ಹ್ಯಾಂಗಿರತಾನ ಈಕಿ ತಿಳಕೊಳ್ಳಲಿ’ ಅಂದ.

ಸಂಜಿಗೆ ಅಲ್ಲಿಯ ಡಾಕ್ಟರು ಕರೆದ್ರು. ‘ತಂಗೀ, ನಿನ್ನ ಕೊಬ್ಬು ಬಹಳಷ್ಟು ಚರ್ಮದ ಕೆಳಗೈತಿ. ಇಳಸಬೇಕು, ಆದ್ರ ಸಕ್ಕರಿ ಇನ್ನೂ ಬಂದಿಲ್ಲ. ಯಜಮಾನ್ರ, ನಿಮ್ಮದು ಹೊರಗ ಕಾಣೂದಿಲ್ಲ, ಹೊಟ್ಟಿ ಒಳಗ ಕರುಳು, ಲಿವರ್ ಸುತ್ತ ಅಡಗೇತಿ. ಕೆಟ್ಟ ಕೊಬ್ಬು ಅದೇ. ಸಕ್ಕರಿ ಬಂದದ್ದು ನಿಮಗ.’

ಬಾಯಿ ಕಟ್ಟೂ ಪಾಳಿ ಈಗ ಗಂಡಂದು. ಆಕಿ ಗಳಗಳ ಅಳಾಕ ಹತ್ತಿದಳು.

‘ನಿನಗೇನೂ ಇಲ್ಲಲ್ಲ, ಯಾಕ ಅಳತಿ?’ ಅಂದ ಆತ, ಮೆತ್ತಗ.

‘ಇಷ್ಟ ದಿನ ನನ್ನ ಹೆದರಿಕಿಗೆ ಕರದಂಟು ಸೈತ ಬಿಟ್ಟು ಹೊಟ್ಟಿ ಕಟ್ಟಿದೆ. ಇನ್ನ ಮನ್ಯಾಗ ನಿಮ್ಮ ಸಲುವಾಗಿ ಸಪ್ಪನ ಅಡಗಿ. ಬ್ಯಾನಿ ನಿಮಗ, ಪಥ್ಯ ಮತ್ತ ನನಗ ಬಂತಲ್ಲರಿ.’