ಮಹಬೂಬ್ ಕಾಕಾರ ಸೊನ್ನೆ

ನನಗೆ ಎಣಿಸುವ ಚಟವಿದೆ. ಕುಕ್ಕರಿನ ಸೀಟಿಯಿಂದ ಹಿಡಿದು, ನಮ್ಮ ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ನಂತರದ ಭಾಷಣದಲ್ಲಿ ಎಷ್ಟು ಸಲ ‘ಅಂದರೆ’ ಅನ್ನುತ್ತಾರೆ ಎಂಬುದರವರೆಗೆ ಎಲ್ಲವನ್ನೂ ಎಣಿಸುತ್ತೇನೆ. ಕಲಘಟಗಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿದವಳಿಗೆ ಇದು ಬಂದೇ ಬರುವ ಕಾಯಿಲೆ ಎಂದು ಮನೆಯವರು ಸುಮ್ಮನಿದ್ದಾರೆ. ಎಣಿಕೆಗೆ ಸಿಕ್ಕದ್ದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಚಟ ನನ್ನೊಳಗೇ ಇದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ನಾವೊಂದಷ್ಟು ಜನ ಸೇರಿ ನಮ್ಮ ಭಾಗದ ಹಳ್ಳಿಗಳ ಬಸ್ ವೇಳೆ ತಿಳಿಸುವ ಆ್ಯಪ್ ನಡೆಸುತ್ತೇವೆ. ಮುಕ್ತ ತಂತ್ರಾಂಶ. ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು, ಯಾರಿಗೂ ಸಂಬಳವಿಲ್ಲ. ಬಂದದ್ದನ್ನು ಪರಿಶೀಲಿಸಿ ‘ಒಪ್ಪಿಗೆ’ ಒತ್ತುವ ಅಧಿಕಾರ ಮಾತ್ರ ಐದು ಜನರಿಗೆ. ಐವರಲ್ಲಿ ನಾನೊಬ್ಬಳು, ಬಸ್ ನಿಲ್ದಾಣದ ಎದುರು ಟೇಲರ್ ಅಂಗಡಿ ಇಟ್ಟಿರುವ ಮಹಬೂಬ್ ಕಾಕಾ ಇನ್ನೊಬ್ಬರು. ಹೊಲಿಗೆ ಯಂತ್ರದಿಂದ ತಲೆಯೆತ್ತದೆಯೇ, ಬರೀ ಹಾರ್ನ್ ಕೇಳಿ, ಯಾವ ಊರಿನ ಬಸ್ ಬಂತೆಂದು ಹೇಳುವ ಮನುಷ್ಯ.

ಸಂಬಳವಿಲ್ಲದ ಕಡೆ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ನಿಜವಾಗಿ ದುಡಿಯುತ್ತಿರುವವರು ಯಾರು? ಇಂಥ ಪ್ರಶ್ನೆ ಬಿದ್ದರೆ ನಾನು ಬಿಡುವವಳೇ? ಕೂತು ಪಟ್ಟಿ ಮಾಡಿದೆ. ಒಪ್ಪಿಗೆ, ತಿರಸ್ಕಾರ, ಚರ್ಚೆಯ ಮಾತು, ಪ್ರತಿಯೊಂದಕ್ಕೂ ತಾನಾಗಿಯೇ ಒಂದು ಅಂಕ ಏರುವ ಹಾಗೆ. ಎಲ್ಲರಿಗಿಂತ ಮೇಲೆ ನನ್ನ ಹೆಸರೇ ಬಂತು. ಪಟ್ಟಿ ಸರಿಯಾಗಿದೆ ಎಂದು ನನಗೆ ಆಗಲೇ ಖಾತ್ರಿಯಾಯಿತು. ತೀರ ಕೆಳಗೆ ಕಾಕಾ, ಮೂರು ತಿಂಗಳಿಗೆ ಸೊನ್ನೆ. ಮೂರು ತಿಂಗಳು ಸುಮ್ಮನಿದ್ದವರ ಅಧಿಕಾರ ಹಿಂಪಡೆಯಬೇಕು, ಮತ್ತೆ ಬೇಕೆಂದರೆ ಅವರು ಇಪ್ಪತ್ತು ತಪ್ಪುಗಳನ್ನು ಹಿಡಿದು ಆ್ಯಪ್‌ನಲ್ಲೇ ದಾಖಲಿಸಬೇಕು ಎಂಬ ನಿಯಮವನ್ನೂ ನಾನೇ ಬರೆದೆ. ಯಾರೂ ಬೇಡ ಅನ್ನಲಿಲ್ಲ.

ಫೋನಿನಲ್ಲಿ ಹೇಳುವುದು ಸರಿಯಲ್ಲವೆಂದು ಅಂಗಡಿಗೇ ಹೋದೆ. ಕಾಕಾ ಕೊರಳಲ್ಲಿದ್ದ ಟೇಪು ತೆಗೆದು ಮೇಜಿನ ಮೇಲಿಟ್ಟು ಪಟ್ಟಿಯನ್ನು ನೋಡಿದರು. “ಆತ್ರಿ ಅಕ್ಕೋರ, ಲೆಕ್ಕ ನಿಮ್ದು, ತಪ್ಪಿರೂದಿಲ್ಲ” ಎಂದರು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತ, “ಆದ್ರ ಇನ್ ಮ್ಯಾಲೆ ಯಾರರ ಕೇಳಾಕ ಬಂದ್ರ, ಹೇಳ್ಬೇಕೋ ಬ್ಯಾಡೋ?” ಎಂದು ಕೇಳಿದರು. ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. “ಅದನ್ನೆಲ್ಲಾ ನಾವು ನೋಡ್ಕೋತೀವಿ ಬಿಡ್ರಿ ಕಾಕಾ” ಎಂದು ಬಂದುಬಿಟ್ಟೆ.

ಆಮೇಲಿನ ಎರಡು ತಿಂಗಳು ನನ್ನ ಅಂಕ ಏರಿದ್ದೇ ಏರಿದ್ದು. ಹೊಸ ವೇಳೆ ಬರುವುದು, ನಾನು ಒಪ್ಪುವುದು. ಅದು ತಪ್ಪೆಂದು ಇನ್ನೊಂದು ಬರುವುದು, ಅದನ್ನೂ ಒಪ್ಪುವುದು. ಹೇಗೆ ಪರಿಶೀಲಿಸುತ್ತಿದ್ದೆ ಎಂದು ಕೇಳಬೇಡಿ. ಒಂದು ಕೈಯಲ್ಲಿ ಒಗ್ಗರಣೆ ಸೌಟು, ಇನ್ನೊಂದು ಕೈಯ ಹೆಬ್ಬೆರಳು ಫೋನಿನ ಮೇಲೆ.

ಒಂದು ಸಂತೆಯ ದಿನ ಕೆಲಸದ ಮೇಲೆ ದುಮ್ಮವಾಡಕ್ಕೆ ಹೋದವಳು, ವಾಪಸ್ ಬರಲು ಬಿಸಿಲಲ್ಲಿ ನಿಂತಿದ್ದೆ. ಜೊತೆಗೆ ಅಲ್ಲಿನ ಅಂಗನವಾಡಿಯ ರೇಣುಕಾ. ಆ ಬಸ್ಸಿನ ವೇಳೆ ಕಳಿಸಿದವಳು ಅವಳು, ಒಪ್ಪಿದವಳು ನಾನು. ರೇಣುಕಾ ಫೋನ್ ನೋಡಿ, “ಅಕ್ಕೋರ, ಆ್ಯಪ್‌ನ್ಯಾಗ ಬಸ್ ಬಂದು ಹೋಗಿ ಅರ್ಧಾ ತಾಸಾತ್ರಿ” ಎಂದಳು. ರಸ್ತೆಯಲ್ಲಿ ಮಾತ್ರ ಒಂದು ಎಮ್ಮೆ ಇತ್ತು.

“ಮೊದ್ಲ ಹಿಂಗ ಆಗ್ತಿರಲಿಲ್ರಿ” ಎಂದು ಅವಳೇ ಶುರು ಮಾಡಿದಳು. “ಕಳಸೂಕಿಂತ ಮೊದ್ಲ ಎಲ್ಲಾರೂ ಕಾಕಾಗ ಫೋನ್ ಹಚ್ಚತಿದ್ವಿ. ‘ಸಂತಿ ದಿನ ಆ ಬಸ್ ನಿಮ್ಮೂರಿಗೆ ಬರೂದಿಲ್ಲವಾ, ತಿದ್ದಿ ಕಳಸು’ ಅಂತಿದ್ರು. ಈಗ ಕೇಳಿದ್ರ, ‘ನನ್ನ ತಗದಾರ, ಅಕ್ಕೋರ್ನ ಕೇಳ್ರಿ’ ಅಂತಾರ. ನಿಮಗ ಕೇಳಾಕ ನಮಗ ಅಂಜಿಕಿ.”

ನಾಚಿಕೆಯಾಯಿತು. ಆ ಮನುಷ್ಯ ತಪ್ಪುಗಳನ್ನು ಬಾಗಿಲಿಗೇ ಬರಗೊಡದೆ ತಡೆದಿದ್ದರು; ನಾನು ಬಾಗಿಲಲ್ಲಿ ಕೂತು ಒಳಬಂದವರನ್ನು ಎಣಿಸಿದ್ದೆ. ನಡೆದ ಕೆಲಸ ಕಾಣುತ್ತದೆ, ಆಗದೆ ಉಳಿದ ಅನಾಹುತ ಯಾರಿಗೆ ಕಾಣುತ್ತದೆ?

ಮರುದಿನ ಅಂಗಡಿಗೆ ಹೋಗಿ, “ಕಾಕಾ, ತಪ್ಪಾತ್ರಿ. ಮತ್ತ ಬರ್ರಿ. ಆದ್ರ ನಿಯಮದ ಪ್ರಕಾರ ಇಪ್ಪತ್ತು ತಪ್ಪು ಹಿಡಿದು ದಾಖಲೆ ಮಾಡ್ಬೇಕು” ಎಂದೆ. ಆಗಲೂ ನಿಯಮ ಬಿಡಲಿಲ್ಲ ನೋಡಿ!

ಕಾಕಾ ಯಂತ್ರ ನಿಲ್ಲಿಸಿದರು. “ತಪ್ಪು ದಾಖಲೆ ಆಗ್ಬೇಕಂದ್ರ ಅವು ಆ್ಯಪ್‌ತನಕ ಹೋಗ್ಬೇಕಲ್ರಿ? ತಪ್ಪಂತ ಗೊತ್ತಿದ್ದೂ ಹುಡುಗ್ಯಾರಿಗೆ ‘ಕಳಸ್ರಿ’ ಅನ್ಲೇನು? ಅಲ್ಲಿ ನಿಮ್ಮಂಥಾ ಜೋರಿನವ್ರು ಕುಂತೀರಿ. ನಾ ಕನ್ನಡಕ ಹಾಕ್ಕೊಳ್ಳೂದ್ರಾಗ ಒಪ್ಪಿಗಿ ಬಿದ್ದಿರ್ತೈತಿ.”

ಅವರು ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ. ಮನೆಗೆ ಬಂದು ಆ್ಯಪ್‌ನ ಚರ್ಚಾ ಪುಟದಲ್ಲಿ ಎಲ್ಲರೂ ಓದುವ ಹಾಗೆ ಬರೆದೆ: ನಾನು ನೋಡದೆಯೇ ಒಪ್ಪಿದ್ದೇನೆ, ನನ್ನ ನಿಯಮ ಕೆಟ್ಟದ್ದು, ಅದನ್ನು ತೆಗೆದುಹಾಕಿ, ನನ್ನ ಅಧಿಕಾರ ಹಿಂಪಡೆದು ಕಾಕಾರಿಗೆ ಅವರದ್ದನ್ನು ಮರಳಿಸಿ. ಸಂಜೆಯೊಳಗೆ ಉಳಿದವರೆಲ್ಲ ಒಪ್ಪಿದರು. ರೇಣುಕಾ ಮತ್ತೆ ಕಾಕಾರಿಗೆ ಫೋನ್ ಹಚ್ಚತೊಡಗಿದಳು. ಮನಸ್ಸು ಹಗುರಾಯಿತು, ಇನ್ನು ಎಣಿಕೆಯ ಸಹವಾಸ ಸಾಕು ಎಂದುಕೊಂಡೆ.

ಹಾಗೆಂದುಕೊಂಡೇ ಮೆಲ್ಲಗೆ ಪಟ್ಟಿ ತೆರೆದು ನೋಡಿದೆ. ಆ ತಪ್ಪೊಪ್ಪಿಗೆಗೂ ನನಗೆ ಒಂದು ಅಂಕ ಬಂದಿತ್ತು. ಎರಡು ಕಂತಿನಲ್ಲಿ ಬರೆದಿದ್ದರೆ ಎರಡು ಬರುತ್ತಿತ್ತಲ್ಲ ಅನ್ನಿಸಿತು.