ಒಂದು ವಾಕ್ಯ ಹೇಳಲು ಮೂರು ಊರು

ಬೇರೆಯವರು ರಾಕ್ ಕಾನ್ಸರ್ಟಿಗೆ ಹೋದರೆ ಹಾಡು ಕೇಳಿ ಬರುತ್ತಾರೆ. ನಾವು ಮೂವರು ಹೋದರೆ ಹಾಡೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ಒಂದು ಸಲ ಆಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಪ್ರತಿ ಸಲವೂ ಆಗುತ್ತಿರುವುದರಿಂದ ಬರೆದಿಡುವುದು ಒಳ್ಳೆಯದು ಅನ್ನಿಸಿತು. ಲ್ಯಾಬ್ ರಿಪೋರ್ಟ್ ಬಿಟ್ಟು ನಾನು ಏನನ್ನೂ ಬರೆದವನಲ್ಲ. ಆದ್ದರಿಂದ ಯಾರು ಯಾರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ.

ನಾನು ತುಮಕೂರಿನವನು. ವಡೋದರಾದ ಹೊರಗೆ, ಕೊಯಾಲಿಗೆ ಹೋಗುವ ದಾರಿಯಲ್ಲಿ, ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ನನ್ನ ರೂಮ್‌ಮೇಟ್ ಹುಬ್ಬಳ್ಳಿಯವನು, ಪಂಪ್‌ಸೆಟ್ ಮಾರುತ್ತಾನೆ, ಭುಜದವರೆಗೆ ಕೂದಲು ಬಿಟ್ಟಿದ್ದಾನೆ. ಕೂದಲಿನ ವಿಷಯ ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ. ಮೂರನೆಯವನು ಸೂರತ್‌ನ ಗೆಳೆಯ. ಅವನ ತಂದೆ ಉಡುಪಿ ಕಡೆಯವರು, ಸೂರತ್‌ನ ಅಡಾಜಣ್ ಬಡಾವಣೆಯಲ್ಲಿ ಹೋಟೆಲ್ ನಡೆಸುತ್ತಾರೆ. ಇವನು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅವನ ಕನ್ನಡ ಎರಡು ವಾಕ್ಯ ಚೆನ್ನಾಗಿ ನಡೆದು, ಮೂರನೆಯದರಲ್ಲಿ ಹಿಂದಿಯ ಮನೆಗೆ ಹೋಗಿ ಕೂತುಬಿಡುತ್ತದೆ.

ಇನ್ನು ಬ್ಯಾಂಡು. ಮೈಸೂರಿನ ಐದು ಹುಡುಗರು, ಕನ್ನಡದಲ್ಲಿ ಹಾಡುತ್ತಾರೆ. ಎಲ್ಲ ಭಾಷೆಯ ಬ್ಯಾಂಡುಗಳನ್ನು ಕರೆಸುವ ಕಾರ್ಯಕ್ರಮಗಳಿಗೆ ಆಗಾಗ ಗುಜರಾತಿಗೂ ಬರುತ್ತಾರೆ. ನಾನು ವಡೋದರಾಕ್ಕೆ ಬಂದ ಮೂರನೇ ತಿಂಗಳು, ಭಾಷೆ ಬಾರದೆ, ಮಾತಾಡಲು ಜನ ಇಲ್ಲದೆ, ರಾಜೀನಾಮೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡು ಫ್ಯಾಕ್ಟರಿ ಬಸ್ ಹತ್ತಿದ್ದೆ. ದಾರಿಯಲ್ಲಿ ಮೊಬೈಲಿನಲ್ಲಿ ಇವರ ಒಂದು ಹಾಡು ಬಂತು. ಹಾಡು ಮುಗಿಯುವ ಹೊತ್ತಿಗೆ ಬಸ್ಸು ಗೇಟು ದಾಟಿತ್ತು, ಪತ್ರ ಜೇಬಿನಲ್ಲೇ ಉಳಿಯಿತು. ಆಮೇಲೆ ಪ್ಯಾಂಟಿನ ಜೊತೆ ಒಗೆದೂ ಹೋಯಿತು. ಅಂದಿನಿಂದ ಬ್ಯಾಂಡಿನ ಮುಖ್ಯ ಗಾಯಕರಿಗೆ ಒಂದೇ ಒಂದು ವಾಕ್ಯ ಹೇಳಬೇಕು ಅಂತ ಇತ್ತು: "ನಿಮ್ಮ ಒಂದು ಹಾಡಿನಿಂದ ನಾನು ಈ ಊರಲ್ಲಿ ಉಳಿದುಕೊಂಡೆ." ಇಷ್ಟೇ. ಕನ್ನಡಿಯ ಮುಂದೆ ಹೇಳಿ ನೋಡಿದ್ದೇನೆ, ನಾಲ್ಕು ಸೆಕೆಂಡು ಸಾಕು. ಆ ನಾಲ್ಕು ಸೆಕೆಂಡಿಗಾಗಿ ಆದ ಓಡಾಟ ಇದು.

ಅಹಮದಾಬಾದ್: ಒಂಬತ್ತು ಸುತ್ತು

ರಾಕ್ ಕಾನ್ಸರ್ಟುಗಳಲ್ಲಿ ಒಂದು ಪದ್ಧತಿ ಇದೆ. ಹಾಡು ಜೋರಾದಾಗ ಗಾಯಕ, "ನಡುವೆ ಜಾಗ ಬಿಡಿ, ದೊಡ್ಡ ವೃತ್ತ ಮಾಡಿ" ಅನ್ನುತ್ತಾನೆ. ಜನ ವೃತ್ತ ಮಾಡಿ ಓಡುತ್ತಾರೆ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ, ಬೀಳುತ್ತಾರೆ. ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನನ್ನ ಯೋಜನೆ ಏನೆಂದರೆ, ಆ ಗಲಾಟೆಯಲ್ಲಿ ನುಗ್ಗಿ ವೇದಿಕೆಯ ಬುಡಕ್ಕೆ ಹೋಗಿ ನಿಲ್ಲುವುದು. ಹಾಡು ಮುಗಿದ ತಕ್ಷಣ ವಾಕ್ಯ ಹೇಳುವುದು.

ಗಾಯಕರು ಮೈಕಿನಲ್ಲಿ ವೃತ್ತ ಮಾಡಲು ಹೇಳಿದರು. ಡ್ರಮ್ಮು ಶುರುವಾಯಿತು. ಗುಜರಾತಿನಲ್ಲಿ ಡ್ರಮ್ಮು ಬಾರಿಸಿ, ವೃತ್ತ ಮಾಡಿ ಅಂದರೆ ಏನಾಗಬೇಕೋ ಅದೇ ಆಯಿತು. ಎರಡು ನಿಮಿಷದಲ್ಲಿ ಒಳಗೊಂದು ಹೊರಗೊಂದು ಸುತ್ತು ಕಟ್ಟಿಕೊಂಡು ಮೈದಾನಕ್ಕೆ ಮೈದಾನವೇ ಗರ್ಬಾ ಆಡತೊಡಗಿತು. ಕಪ್ಪು ಟೀ ಶರ್ಟು, ತಲೆಬುರುಡೆಯ ಚಿತ್ರ, ಕೈಗೆ ಮುಳ್ಳಿನ ಪಟ್ಟಿ, ಆದರೆ ಹೆಜ್ಜೆ ಮಾತ್ರ ನವರಾತ್ರಿಯದು. ಒಬ್ಬರಿಗೊಬ್ಬರು ಬೆರಳು ತಾಕಿಸಲಿಲ್ಲ.

ನಾನು ಒಳ ಸುತ್ತಿನಲ್ಲಿ ಸಿಕ್ಕಿಕೊಂಡೆ. ವೇದಿಕೆಯ ಎದುರು ಬಂದಾಗ ನಿಲ್ಲಲು ನೋಡಿದರೆ, ಹಿಂದೆ ಒಬ್ಬರು ಹೆಂಗಸು, ಮಗಳನ್ನು ಕರೆದುಕೊಂಡು ಬಂದಿದ್ದವರು, ಬೆನ್ನಿಗೆ ಮೆಲ್ಲಗೆ ತಟ್ಟಿ, "ಆಗಳ್ ಚಾಲೋ ಭಾಯ್" ಅನ್ನುತ್ತಿದ್ದರು. ಮುಂದೆ ನಡೆಯಪ್ಪ ಅಂತ. ನಡೆದೆ. ಮತ್ತೆ ಸುತ್ತಿ ಬಂದೆ. ಮತ್ತೆ ಬೆನ್ನಿಗೆ ಬಿತ್ತು. ಹಾಡು ನಿಂತಾಗ ನಾನು ಪಾರ್ಕಿಂಗ್ ಕಡೆ ಇದ್ದೆ.

"ಮಾತಾಡಿದೆಯೇನಲೇ?" ಅಂದ ಹುಬ್ಬಳ್ಳಿಯವನು.

ಒಂಬತ್ತು ಸಲ ಅವರ ಮುಂದೆಯೇ ಹಾದುಹೋದೆ ಅಂದೆ. ಒಂಬತ್ತು ಸಲವೂ ನನ್ನದು ಚಪ್ಪಾಳೆ ಹೊಡೆಯುವ ಸರದಿ. ಹೋಗುವಾಗ ಆ ಹೆಂಗಸು ಹೇಳಿದ್ದು ಇಷ್ಟು: ನನ್ನ ಚಪ್ಪಾಳೆಯೂ ತಡವಾಗಿ ಬೀಳುತ್ತಿತ್ತಂತೆ.

ಬೇಸ್ ನುಡಿಸುವವನು

ಇದು ಚಿಕ್ಕದು. ಅದೇ ಸಂಜೆ ಮೈದಾನದ ಗೇಟಿನ ಹತ್ತಿರ ಒಂದು ಕುಟುಂಬ ಹುಬ್ಬಳ್ಳಿಯವನನ್ನು ಹಿಡಿದು ನಿಲ್ಲಿಸಿತು. ಅವನ ಕೂದಲು ನೋಡಿ ಬ್ಯಾಂಡಿನವನು ಅಂದುಕೊಂಡಿದ್ದರು. ಅವನು ಅಲ್ಲ ಅನ್ನಲಿಲ್ಲ. ತಂದೆ, "ಏನು ನುಡಿಸುತ್ತೀರಿ?" ಅಂತ ಹಿಂದಿಯಲ್ಲಿ ಕೇಳಿದರು. "ಬೇಸ್" ಅಂದ. ಬೇಸ್ ಗಿಟಾರು ನುಡಿಸುವವನ ಮುಖ ಯಾರಿಗೂ ನೆನಪಿರುವುದಿಲ್ಲ ಅನ್ನುವುದು ಅವನ ಲೆಕ್ಕ. ಮಗುವಿನ ಟೋಪಿಯ ಮೇಲೆ ಸಹಿ ಹಾಕಿದ. ಚೆನ್ನಾಗಿ ಓದು ಅಂತ ಬುದ್ಧಿ ಬೇರೆ ಹೇಳಿದ.

ನಾನು ಪಕ್ಕದಲ್ಲೇ ನಿಂತಿದ್ದೆ. ಫೋಟೋ ತೆಗೆಯುವಾಗ ತಂದೆ ನನ್ನನ್ನು ವಿನಯದಿಂದ ಕೇಳಿಕೊಂಡರು, "ಭಾಯ್, ಸ್ವಲ್ಪ ಆಚೆ ಹೋಗ್ತೀರಾ? ಬ್ಯಾಂಡಿನವರ ಜೊತೆ ಒಂದು ಫೋಟೋ ತಗೋಬೇಕು."

ಅವತ್ತು ಬ್ಯಾಂಡಿನವರ ಜೊತೆ ಫೋಟೋ ಸಿಕ್ಕದೆ ಹೋದವನು ನಾನೊಬ್ಬನೇ ಇರಬೇಕು.

ವಡೋದರಾ: ಎರಡು ಕಿಲೋ ಚೇವ್ಡೋ

ಮುಂದಿನ ಸಲ ಅವರು ನಮ್ಮ ಊರಿಗೇ ಬಂದರು. ಹುಬ್ಬಳ್ಳಿಯವನು ಪಂಪ್‌ಸೆಟ್ ಗಿರಾಕಿಯೊಬ್ಬರ ಮೂಲಕ ವೇದಿಕೆಯ ಹಿಂದೆ ಹೋಗಲು ಪಾಸ್ ಹೊಂದಿಸಿದ. ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಅಂತ ನಾನು ಎರಡು ಕಿಲೋ ಲೀಲೋ ಚೇವ್ಡೋ ತಂದೆ. ಆಲೂಗಡ್ಡೆ, ಕಡಲೆಬೇಳೆ ಹಾಕಿದ, ಸ್ವಲ್ಪ ಸಿಹಿಯಾದ ಹಸಿ ಚೂಡಾ ಅದು. ವಡೋದರಾದಿಂದ ಯಾರಿಗೇ ಏನು ಒಯ್ದರೂ ಅದನ್ನೇ ಒಯ್ಯಬೇಕು.

ಗೇಟಿನ ಸೆಕ್ಯೂರಿಟಿಯವನು ನನ್ನ ಪಾಸ್ ನೋಡಲಿಲ್ಲ, ಕೈಯಲ್ಲಿದ್ದ ಡಬ್ಬ ನೋಡಿದ. "ತಿಂಡಿ ಅಲ್ಲಿ" ಅಂತ ಎಡಗಡೆಯ ಶಾಮಿಯಾನ ತೋರಿಸಿದ. ಹೋದೆ. ಇಟ್ಟು ವಾಪಸು ಬರೋಣ ಅಂತ ಮೇಜಿನ ಮೇಲೆ ಡಬ್ಬ ಇಟ್ಟು ಮುಚ್ಚಳ ಸರಿಮಾಡುವಷ್ಟರಲ್ಲಿ ನನ್ನ ಎದುರು ಐದಾರು ಜನ ಪ್ಲೇಟು ಹಿಡಿದು ನಿಂತಿದ್ದರು. ಪ್ಲೇಟು ಹಿಡಿದು ನಿಂತವರಿಗೆ ಇಲ್ಲ ಅನ್ನುವುದು ಹೇಗೆ? ಬಡಿಸಿದೆ. ಸಾಲು ಬೆಳೆಯಿತು. ಎಲ್ಲರದೂ ಒಂದೇ ಪ್ರಶ್ನೆ: ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇದೆಯಾ? ಅರ್ಧ ಶಾಮಿಯಾನ ಜೈನರು. "ಕಾಂದಾ ಲಸಣ್ ನಹೀ ಹೈ" ಅಂತ ಹೇಳಿ ಹೇಳಿ ತಲೆ ಎತ್ತುವುದನ್ನೇ ಬಿಟ್ಟೆ.

ಮೂವತ್ತನೆಯದೋ ನಲವತ್ತನೆಯದೋ ಪ್ಲೇಟು ಮುಂದೆ ಬಂತು. ಕೈಯ ತುಂಬ ಬೆಳ್ಳಿ ಉಂಗುರ. ತಲೆ ಎತ್ತಿದೆ. ಗಾಯಕರು.

ನಾಲ್ಕು ಸೆಕೆಂಡು ನನ್ನ ಕೈಗೆ ಸಿಕ್ಕಿತ್ತು. ಇಷ್ಟು ದಿನ ಕಾದದ್ದು ಇದಕ್ಕೇ. ಬಾಯಿ ತೆರೆದೆ.

"ಕಾಂದಾ ಲಸಣ್ ನಹೀ ಹೈ" ಅಂದೆ.

"ಥ್ಯಾಂಕ್ಯೂ ಭಯ್ಯಾ" ಅಂದು ಹೋದರು.

ಮನೆಗೆ ಬಂದ ಮೇಲೆ ಹುಬ್ಬಳ್ಳಿಯವನು ಸಮಾಧಾನ ಹೇಳಿದ. "ಇರಲಿ ಬಿಡಲೇ. ನೀ ಹೇಳಿದ್ದರಾಗ ಸುಳ್ಳೇನಿಲ್ಲಲ್ಲ."

ಸೂರತ್: ನಾಲ್ಕನೇ ಟೇಬಲ್

ಇದು ಕೊನೆಯದು. ಇದರಲ್ಲಿ ನಾನು ಆಮೇಲೆ ತಿಳಿದುಕೊಂಡ ಭಾಗವನ್ನು ಮೊದಲು ಹೇಳುತ್ತೇನೆ. ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಸೂರತ್ ಗೆಳೆಯನ ತಂದೆ ಹೋಟೆಲಿಗೆ ಕೆಲಸದವರನ್ನು ಊರಿನಿಂದಲೇ ಕರೆಸುತ್ತಾರೆ. ದೋಸೆಗೆ ಊರಿನ ಕೈಯೇ ಬೇಕು ಅನ್ನುವುದು ಅವರ ನಂಬಿಕೆ. ಆ ಭಾನುವಾರ ಐದು ಜನ ಹೊಸ ಹುಡುಗರು ರೈಲಿನಲ್ಲಿ ಬರುವವರಿದ್ದರು. ಅವರ ಮುಖ ಇವರು ನೋಡಿರಲಿಲ್ಲ. ಅದೇ ದಿನ ಸಂಜೆ ಸೂರತ್‌ನಲ್ಲಿ ಬ್ಯಾಂಡಿನ ಕಾರ್ಯಕ್ರಮ. ಬ್ಯಾಂಡಿನವರೂ ಬೆಳಿಗ್ಗೆ ರೈಲಿನಲ್ಲೇ ಬಂದರು. ಗಿಟಾರು, ಡ್ರಮ್ಮು ಎಲ್ಲ ವ್ಯಾನಿನಲ್ಲಿ ಮೊದಲೇ ಹೋಗಿದ್ದವು. ಅವರಿಗೆ ಗೊತ್ತು ಮಾಡಿದ್ದ ರೂಮು ಎರಡು ಗಂಟೆಗೆ ಸಿಗುವುದಿತ್ತು. ದೋಸೆ ತಿನ್ನೋಣ ಅಂತ ಬ್ಯಾಗು ಹೊತ್ತುಕೊಂಡು ಐದೂ ಜನ ಅಡಾಜಣ್‌ನ ಉಡುಪಿ ಹೋಟೆಲಿಗೆ ಬಂದರು. ಗಲ್ಲಾದಲ್ಲಿ ಗೆಳೆಯನ ತಂದೆ.

"ಬಂದ್ರಾ? ಎಷ್ಟು ಹೊತ್ತು ಮಾರಾಯ್ರೆ, ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ."

ಸೂರತ್‌ನಲ್ಲಿ ಕನ್ನಡ ಕೇಳಿ ಅವರಿಗೆ ಖುಷಿಯಾಯಿತು. ಕಾರ್ಯಕ್ರಮದವರು ಕಳಿಸಿದ ಮನುಷ್ಯ ಇರಬೇಕು ಅಂದುಕೊಂಡರು. "ರೈಲು ಲೇಟು ಸಾರ್" ಅಂದರು ಗಾಯಕರು.

"ಮೊದಲು ತಿಂಡಿ ತಿನ್ನಿ. ಮೇಲೆ ರೂಮು ಉಂಟು, ಸ್ನಾನ ಮಾಡಿ. ಈ ಕೂದಲು ಎಂತದು? ಸಾಂಬಾರಿಗೆ ಬಿದ್ರೆ ಯಾರು ಉತ್ತರ ಕೊಡುದು? ಕಟ್ಟಿಕೊಳ್ಳಿ." ಡ್ರಮ್ಮರ್‌ನ ಬ್ಯಾಗಿನಿಂದ ಇಣುಕುತ್ತಿದ್ದ ಕೋಲುಗಳನ್ನು ನೋಡಿ, "ಇದೆಲ್ಲ ಎಂತಕ್ಕೆ ತಂದದ್ದು? ನಮ್ಮಲ್ಲಿ ಲಟ್ಟಿಸುದೆಲ್ಲ ಮಿಷನ್" ಅಂದರು.

ಸ್ನಾನ ಮಾಡಿ ಬಂದವರ ಕೈಗೆ ಒಂದೊಂದು ಏಪ್ರನ್ ಸಿಕ್ಕಿತು. ಆಗ ಅವರಿಗೆ ಅರ್ಥವಾಯಿತು. ಆದರೆ ಹೊಟ್ಟೆ ತುಂಬಿತ್ತು, ಎರಡು ಗಂಟೆಯವರೆಗೆ ಬೇರೆ ಕೆಲಸ ಇರಲಿಲ್ಲ, ಭಾನುವಾರದ ಜನ ಬಾಗಿಲಲ್ಲಿ ಕ್ಯೂ ನಿಂತಿದ್ದರು. ಗಾಯಕರು ಕಾಲೇಜಿನ ದಿನಗಳಲ್ಲಿ ಸೋದರಮಾವನ ಹೋಟೆಲಿನಲ್ಲಿ ಸಪ್ಲೈ ಮಾಡಿದವರಂತೆ. "ಒಂದು ಗಂಟೆ ತಾನೇ" ಅಂತ ಏಪ್ರನ್ ಕಟ್ಟಿಕೊಂಡರಂತೆ. ಅವರಿಗೆ ಹೋಟೆಲಿನ ನಿಯಮವನ್ನೂ ಹೇಳಿಕೊಟ್ಟಾಗಿತ್ತು: ಗಿರಾಕಿ ಹೇಳಿದ್ದನ್ನು ಚೀಟಿಯಲ್ಲಿ ಬರೆಯಬೇಕು, ಚೀಟಿ ಅಡುಗೆಮನೆಯ ಮೊಳೆಗೆ ಹೋಗಬೇಕು. ಚೀಟಿ ಇಲ್ಲದೆ ಏನೂ ಹೊರಗೆ ಬರುವುದಿಲ್ಲ. ಚೀಟಿ ಬಂದರೆ ಏನೂ ನಿಲ್ಲುವುದಿಲ್ಲ.

ಈಗ ನಮ್ಮ ಭಾಗ. ನಾವು ಮೂವರು ಬೆಳಿಗ್ಗೆ ಎಂಟರಿಂದ, ಬ್ಯಾಂಡಿಗೆ ರೂಮು ಮಾಡಿದ್ದ ಜಾಗದ ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದೆವು. ಹನ್ನೆರಡೂವರೆಗೆ ಹೂವು ಬಾಡಿತು, ನಾವೂ ಬಾಡಿದೆವು. ಸೂರತ್ ಗೆಳೆಯ, "ಪಪ್ಪನ ಹೋಟೆಲಿಗೆ ಹೋಗೋಣ. ಊಟ ಮಾಡೋಣ. ಫಿರ್ ದೇಖೇಂಗೇ" ಅಂದ. ಹೋಗಿ ನಾಲ್ಕನೇ ಟೇಬಲಿನಲ್ಲಿ ಕೂತೆವು. ನಾನು ತಲೆ ತಗ್ಗಿಸಿಕೊಂಡು ಕೂತೆ. ಇದು ನನ್ನ ಕೊನೆಯ ಪ್ರಯತ್ನ, ಇನ್ನು ಆ ವಾಕ್ಯ ಯಾರಿಗೂ ಹೇಳುವುದಿಲ್ಲ ಅಂತ ತೀರ್ಮಾನಿಸಿಯಾಗಿತ್ತು.

ದೋಸೆ ಬಂತು. ತಿಂದೆ. ಪಕ್ಕದಲ್ಲಿ ಏಪ್ರನ್ ಕಂಡಾಗ ಮುಖ ನೋಡದೆ, "ಸಾಂಬಾರ್ ತಣ್ಣಗಿದೆ, ಸ್ವಲ್ಪ ಬಿಸಿ ಮಾಡಿ ಕೊಡಿ" ಅಂದೆ.

ಸಾಂಬಾರು ಬಂತು. ಹಬೆಯಾಡುತ್ತಿತ್ತು. "ಇನ್ನೇನಾದ್ರೂ ಬೇಕಾ ಸಾರ್?"

ಆ ಧ್ವನಿ ನನಗೆ ಗೊತ್ತು. ನಾಲ್ಕು ವರ್ಷ ಫ್ಯಾಕ್ಟರಿ ಬಸ್ಸಿನಲ್ಲಿ ಅದು ನನ್ನ ಕಿವಿಯಲ್ಲೇ ಇತ್ತು. ಎದುರಿಗೆ ಹುಬ್ಬಳ್ಳಿಯವನು ದೋಸೆಯ ತುಂಡನ್ನು ಬಾಯಿಯ ಹತ್ತಿರ ಹಿಡಿದು ಕಲ್ಲಾಗಿದ್ದ. ತಲೆ ಎತ್ತಿದೆ. ಎದ್ದು ನಿಂತೆ.

"ನಿಮ್ಮ ಒಂದು ಹಾಡಿನಿಂದ ನಾನು..."

"ಹ್ವಾಯ್," ಗಲ್ಲಾದಿಂದ ಕೂಗು ಬಂತು. "ನಾಲ್ಕರಲ್ಲಿ ಎಂತ ಮಾತು? ಆರಕ್ಕೆ ಕಾಫಿ ಹೋಗಲಿಲ್ಲ."

"ಬಂದೆ ಸಾರ್" ಅಂದು ಗಾಯಕರು ಆರಕ್ಕೆ ಹೋದರು.

ಅಷ್ಟರಲ್ಲಿ ಬಾಗಿಲಲ್ಲಿ ಐದು ಜನ ಹುಡುಗರು ಬಂದು ನಿಂತರು. ನೀಟಾದ ಕ್ರಾಪು, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಟ್ರಂಕು. "ಊರಿಂದ ಬಂದದ್ದು" ಅಂದರು. ಗೆಳೆಯನ ತಂದೆ ಈ ಐದನ್ನು ನೋಡಿದರು, ಆ ಐದನ್ನು ನೋಡಿದರು.

"ಹಾಗಾದ್ರೆ ನೀವು ಯಾರು?"

"ಸಂಜೆ ಹಾಡೋಕೆ ಬಂದವ್ರು ಸಾರ್."

"ಮೊದಲೇ ಹೇಳ್ಬಾರ್ದಾ?"

"ನೀವು ಕೇಳ್ಲಿಲ್ಲ. ದೋಸೆ ಬೇರೆ ಚೆನ್ನಾಗಿತ್ತು."

ಗೆಳೆಯನ ತಂದೆ ಸ್ವಲ್ಪ ಯೋಚಿಸಿ ಹೇಳಿದರು, "ಹಾಡುದು ಸಂಜೆಗಲ್ವಾ? ಇವರು ಸ್ನಾನ ಮಾಡಿ ಬರುವವರೆಗೆ ನೋಡಿಕೊಳ್ಳಿ ಹಾಗಾದ್ರೆ."

ಸೂರತ್ ಗೆಳೆಯ ಮೇಜಿನ ಕೆಳಗೆ ಮುಖ ಇಟ್ಟುಕೊಂಡು, "ಪಪ್ಪಾ ಕೋ ಕೋಯಿ ರೋಕೋ ಯಾರ್" ಅನ್ನುತ್ತಿದ್ದ, ಪಪ್ಪನನ್ನು ಯಾರಾದರೂ ತಡೆಯಿರಿ ಅಂತ.

ಅರ್ಧ ಗಂಟೆಯ ಮೇಲೆ ಗಾಯಕರು ನಮ್ಮ ಟೇಬಲಿಗೆ ಬಂದು ಕೂತರು. "ನೀವೇನೋ ಹೇಳ್ತಾ ಇದ್ರಿ. ಅರ್ಧಕ್ಕೇ ನಿಂತೋಯ್ತು" ಅಂದರು. ಹೇಳಿದೆ. ಪೂರ್ತಿ ಹೇಳಿದೆ. ರಾಜೀನಾಮೆ ಪತ್ರ, ಬಸ್ಸು, ಪ್ಯಾಂಟು ಒಗೆದದ್ದು, ಎಲ್ಲ. ನಾಲ್ಕು ಸೆಕೆಂಡಲ್ಲ, ಹತ್ತು ನಿಮಿಷವೇ ಆಗಿರಬೇಕು. ಅವರು ಏಪ್ರನ್ನಿನ ಜೇಬಿನಿಂದ ನಮ್ಮದೇ ಚೀಟಿ ತೆಗೆದರು. ಅದರಲ್ಲಿ ಅವರ ಕೈಬರಹದಲ್ಲಿ 'ಟೇಬಲ್ ನಾಲ್ಕು, ಸಾಂಬಾರ್, ಬಿಸಿ' ಅಂತ ಇತ್ತು. ಬಿಸಿ ಸಾಂಬಾರನ್ನು ತಾವೇ ಒಳಗೆ ಹೋಗಿ ತಂದದ್ದರಿಂದ ಆ ಚೀಟಿ ಮೊಳೆಗೆ ಹೋಗಿರಲಿಲ್ಲ. ಅದರ ಕೆಳಗೆ, 'ಉಳಿದುಕೊಂಡಿದ್ದಕ್ಕೆ ಥ್ಯಾಂಕ್ಸ್' ಅಂತ ಬರೆದು ಸಹಿ ಹಾಕಿ ನನಗೆ ಕೊಟ್ಟರು.

ಅವರು ಹೋದ ಮೇಲೆ ಚೀಟಿಯನ್ನು ಮೇಜಿನ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದೆ. ಕಣ್ಣು ಸ್ವಲ್ಪ ಮಂಜಾಗಿತ್ತು, ಅದಕ್ಕೇ ಗೊತ್ತಾಗಲಿಲ್ಲ. ಗೆಳೆಯನ ತಂದೆ ಹಾದುಹೋಗುವಾಗ, "ಚೀಟಿ ಇಲ್ಲೇ ಬಿಟ್ಟು ಹೋಗಿದ್ದಾರೆ, ನೋಡು, ಹಾಡುವವರಿಗೆ ಶಿಸ್ತಿಲ್ಲ" ಅಂತ ಎತ್ತಿಕೊಂಡು ಹೋದರು. ನಾನು ಓಡಿ ಅಡುಗೆಮನೆ ತಲುಪುವಷ್ಟರಲ್ಲಿ ಅದು ಮೊಳೆಗೆ ಹೋಗಿತ್ತು. ಸಹಿಯ ನಟ್ಟನಡುವೆ ತೂತು. ಬಿಡಿಸಿಕೊಂಡು ಬಂದು ಕೂತೆ.

ಹಿಂದೆಯೇ ಹಣೆಯಲ್ಲಿ ಕುಂಕುಮ ಇಟ್ಟ ಹೊಸ ಹುಡುಗ ಬಂದು ನಮ್ಮ ಟೇಬಲಿನ ಮೇಲೆ ಇನ್ನೊಂದು ಬಟ್ಟಲು ಸಾಂಬಾರ್ ಇಟ್ಟ.

ಬಿಸಿಯಾಗಿತ್ತು.